ಋಣ ಉತ್ತರವನ್ನು ಕೈಬಿಡುವುದು ಯಾವಾಗ?

ಬೈಯಪ್ಪನಹಳ್ಳಿಯಲ್ಲಿ ನನ್ನ ಬೋಧನಾಭ್ಯಾಸದ ಎರಡನೇ ವಾರ, ಪ್ರಥಮ ಪಿಯುಸಿ ತರಗತಿಗೆ ಘಾತ ಮತ್ತು ಲಾಗ್ ಇರುವ ಏಕಕಾಲಿಕ ಸಮೀಕರಣಗಳ ಪಾಠ ಮಾಡಿದೆ. ಲೆಕ್ಕಗಳು ಸರಿಯಾಗಿಯೇ ಬಂದವು. ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಕೊಟ್ಟ ಕಾರಣ ಮಾತ್ರ ತಪ್ಪಾಗಿತ್ತು. ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಲೇಖನದಲ್ಲಿ ಕ, ಗ ಎಂಬುವು ಚರಾಕ್ಷರಗಳು; 2^ಕ ಎಂದರೆ 2ರ ಘಾತ ಕ; ಲಾಗ್‌ನ ಆಧಾರ ಸಂಖ್ಯೆ 10.

ಮೊದಲ ಲೆಕ್ಕ:
2^ಕ + 3^ಗ = 17
2^(ಕ+1) − 3^ಗ = 7

2^(ಕ+1) ಎಂದರೆ 2 × 2^ಕ. ಈಗ 2^ಕ = ಪ, 3^ಗ = ಬ ಎಂದು ಆದೇಶಿಸಿದರೆ ಪ + ಬ = 17, 2ಪ − ಬ = 7. ಇದು ಹತ್ತನೇ ತರಗತಿಯ ವರ್ಜಿಸುವ ವಿಧಾನವೇ. ಕೂಡಿದರೆ 3ಪ = 24; ಪ = 8, ಬ = 9. ಆದ್ದರಿಂದ ಕ = 3, ಗ = 2. ಹೊಸ ವೇಷ ಕಳಚಿದರೆ ಒಳಗಿರುವುದು ಹಳೆಯ ಲೆಕ್ಕ ಎಂದಾಗ ಮಕ್ಕಳ ಭಯ ಕಡಿಮೆಯಾಯಿತು.

ಎರಡನೇ ಲೆಕ್ಕ:
ಲಾಗ್ ಕ + ಲಾಗ್ ಗ = 1
ಕ − ಗ = 3

ಲಾಗ್‌ಗಳ ಮೊತ್ತ ಗುಣಲಬ್ಧದ ಲಾಗ್ ಆದ್ದರಿಂದ ಕ × ಗ = 10. ಕ = ಗ + 3 ಎಂದು ಆದೇಶಿಸಿದರೆ ಗ² + 3ಗ − 10 = 0. ಅಪವರ್ತಿಸಿದರೆ ಗ = 2 ಅಥವಾ ಗ = −5. ಹೀಗೆ ಎರಡು ಜೋಡಿಗಳು: (5, 2) ಮತ್ತು (−2, −5). ಎರಡನೆಯದನ್ನು ನಾನು ಕಪ್ಪುಹಲಗೆಯ ಮೇಲೆ ಹೊಡೆದುಹಾಕಿದೆ. ಆಗ ಆ ವಿದ್ಯಾರ್ಥಿನಿ ಕೇಳಿದಳು: "ಸರ್, −2 ಮತ್ತು −5 ಗುಣಿಸಿದರೂ 10 ಬರುತ್ತದೆ, ಕಳೆದರೂ 3 ಬರುತ್ತದೆ. ಮತ್ತೆ ಯಾಕೆ ಬೇಡ?" ನಾನು "ಲಾಗ್ ಲೆಕ್ಕದಲ್ಲಿ ಋಣ ಉತ್ತರ ಬರುವುದಿಲ್ಲ" ಎಂದು ಹೇಳಿ ಮುಂದೆ ಹೋದೆ.

ಮರುದಿನದ ಅಭ್ಯಾಸದಲ್ಲಿ ಅದರ ಪರಿಣಾಮ ಕಂಡಿತು. 2^(ಕ+ಗ) = 2, 2^(ಕ−ಗ) = 1/32 ಎಂಬ ಲೆಕ್ಕಕ್ಕೆ ಕ + ಗ = 1, ಕ − ಗ = −5; ಉತ್ತರ ಕ = −2, ಗ = 3. ಹಲವರು ಇಲ್ಲಿಯವರೆಗೆ ಸರಿಯಾಗಿ ಬಂದು, −2 ಎಂದು ಕಂಡೊಡನೆ "ಪರಿಹಾರವಿಲ್ಲ" ಎಂದು ಬರೆದಿದ್ದರು. ತಪ್ಪು ಅವರದಲ್ಲ, ನನ್ನ ನಿಯಮದ್ದು. 2^(−2) = 1/4; ಘಾತಾಂಕ ಋಣವಾಗಬಹುದು, 2ರ ಘಾತದ ಬೆಲೆ ಮಾತ್ರ ಎಂದೂ ಧನ.

ಸರಿಯಾದ ಕಾರಣ ಇದು: ಲಾಗ್ ಕ ಎಂದು ಬರೆದ ಕ್ಷಣವೇ ಕ > 0 ಎಂಬ ಷರತ್ತು ಸೇರಿರುತ್ತದೆ. ಲಾಗ್ ತೆಗೆದು ಕ × ಗ = 10 ಎಂದು ಬರೆದಾಗ ಆ ಷರತ್ತು ಕಣ್ಮರೆಯಾಗುತ್ತದೆ, ಆ ಬಾಗಿಲಿನಿಂದ (−2, −5) ಒಳಬರುತ್ತದೆ. ಅದು ಹೊಸ ಸಮೀಕರಣದ ಪರಿಹಾರ, ಮೂಲ ಸಮೀಕರಣದ್ದಲ್ಲ. ಹಾಗಾಗಿ ನೋಡಬೇಕಾದದ್ದು ಉತ್ತರದ ಚಿಹ್ನೆಯನ್ನಲ್ಲ, ಲಾಗ್‌ನ ಒಳಗಿರುವುದು ಧನವೇ ಎಂಬುದನ್ನು.

ಮೂರನೇ ಪಾಠಕ್ಕೆ ನಮ್ಮ ಊರಿನದೇ ಲೆಕ್ಕ ತೆಗೆದುಕೊಂಡೆ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಆರಂಭವಾದ 2011ರಲ್ಲೇ ಜನಗಣತಿಯೂ ನಡೆಯಿತು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65.37 ಲಕ್ಷ, 2011ರಲ್ಲಿ 96.22 ಲಕ್ಷ. ಬೆಳವಣಿಗೆ ಪ್ರತಿವರ್ಷ ಒಂದೇ ಪಟ್ಟು ಎಂದುಕೊಂಡು, 1991ರ ಜನಸಂಖ್ಯೆಯನ್ನು ಕ, ವಾರ್ಷಿಕ ಪಟ್ಟನ್ನು ಗ ಎನ್ನೋಣ:

ಕ × ಗ^10 = 65.37
ಕ × ಗ^20 = 96.22

ಎರಡೂ ಕಡೆ ಲಾಗ್ ತೆಗೆದುಕೊಂಡರೆ ಲಾಗ್ ಕ, ಲಾಗ್ ಗ ಎಂಬ ಚರಗಳ ರೇಖಾತ್ಮಕ ಜೋಡಿ ಸಿಗುತ್ತದೆ. ಕಳೆದರೆ 10 ಲಾಗ್ ಗ = 0.1679, ಗ ಸುಮಾರು 1.039, ಅಂದರೆ ವರ್ಷಕ್ಕೆ ಶೇ. 3.9. ಕ ಸುಮಾರು 44.4 ಲಕ್ಷ. ಆದರೆ 1991ರ ಜನಗಣತಿಯ ಸಂಖ್ಯೆ 48.39 ಲಕ್ಷ. ಬೀಜಗಣಿತ ತಪ್ಪಿಲ್ಲ, "ಪ್ರತಿವರ್ಷ ಒಂದೇ ಪಟ್ಟು" ಎಂಬ ಊಹೆ ನಿಲ್ಲಲಿಲ್ಲ. ಮೊದಲ ದಶಕದ ಬೆಳವಣಿಗೆ ನಿಧಾನವಾಗಿತ್ತು.

ಈಗ ನನ್ನ ಪಾಠಯೋಜನೆಯಲ್ಲಿ ತಾಳೆ ನೋಡುವುದಕ್ಕೆ ಕೊನೆಯ ಐದು ನಿಮಿಷ ಮೀಸಲು. ಲಾಗ್ ಲೆಕ್ಕ ಆರಂಭಿಸುವ ಮೊದಲೇ "ಕ > 0, ಗ > 0" ಎಂದು ಹಲಗೆಯ ಮೂಲೆಯಲ್ಲಿ ಬರೆಸುತ್ತೇನೆ, ಪಾಠ ಮುಗಿಯುವವರೆಗೆ ಅಳಿಸುವುದಿಲ್ಲ. ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನು ತರಗತಿಯ ಮುಂದೆ ಮತ್ತೆ ಎತ್ತಿಕೊಂಡು, ನನ್ನ ಮೊದಲ ಉತ್ತರ ತಪ್ಪೆಂದು ಹೇಳಿಯೇ ಪಾಠ ಮುಂದುವರಿಸಿದೆ.