ನನ್ನ ಬಾಲ್ಕನಿಯ ಗಿಡ, ಗೋಪಿನಾಥಂ ದಾರಿಯ ಕಾಡು

ಮಹದೇಶ್ವರ ಬೆಟ್ಟ ಇಳಿದು, ಪಾಲಾರ್ ದಾಟಿ ಗೋಪಿನಾಥಂ ಕಡೆ ಹೊರಟರೆ ಕಾರಲ್ಲಿ ಯಾರಾದರೂ ವೀರಪ್ಪನ್ ಕತೆ ತೆಗೆದೇ ತೆಗೆಯುತ್ತಾರೆ. ನಮ್ಮಲ್ಲೂ ಅದೇ ಆಯ್ತು. ಆದರೆ ನನ್ನ ಕಣ್ಣು ಮಾತ್ರ ರಸ್ತೆ ಪಕ್ಕದ ಒಂದು ಪೊದೆಯ ಮೇಲಿತ್ತು. ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಅದರದ್ದೇ ತಂಗಿಯಂಥ ಗಿಡ ಕುಂಡದಲ್ಲಿತ್ತು! ಲಂಟಾನ.

ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಲಂಕಾರಕ್ಕೆಂದು ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಪಿಕಳಾರದಂಥ ಹಕ್ಕಿಗಳು ಕಪ್ಪು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ಚಿಕ್ಕಂದಿನಲ್ಲಿ ಆ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ ನೆನಪು ನಿಮಗೂ ಇರಬಹುದು. ಮಕ್ಕಳಿಗೆ ಮಾತ್ರ ಅದನ್ನು ಕಲಿಸಬೇಡಿ, ಹಸಿರು ಕಾಯಿ ವಿಷ. ಎಲೆ ಮೇಯ್ದ ದನಗಳ ಯಕೃತ್ತು ಕೆಡುತ್ತದೆ.

ಪೊದೆ ದಟ್ಟವಾದ ಕಡೆ ಹುಲ್ಲು ಏಳುವುದಿಲ್ಲ. ಆನೆಗೂ, ಜಿಂಕೆಗೂ ಮೇವಿಲ್ಲ. ಹತ್ತಿರದ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಿಂದ 2008ರ ನಡುವೆ ಲಂಟಾನ ಇರುವ ಜಾಗ ಸುಮಾರು ದುಪ್ಪಟ್ಟಾಗಿದ್ದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ಅಲ್ಲಿನ ಸೋಲಿಗರ ಲೆಕ್ಕ ಬೇರೆ. ಹಿಂದೆ ಅವರು ಬೇಸಿಗೆ ಆರಂಭದಲ್ಲೇ 'ತರಗು ಬೆಂಕಿ' ಹಾಕುತ್ತಿದ್ದರು. ಒಣಗಿದೆಲೆ, ಎಳೆ ಗಿಡ ಸುಟ್ಟು ಹೋಗಿ, ಮಳೆ ಬಿದ್ದೊಡನೆ ಹುಲ್ಲು ಚಿಗುರುತ್ತಿತ್ತು. ಬೆಂಕಿ ನಿಷೇಧವಾದ ಮೇಲೇ ಲಂಟಾನ ಹಬ್ಬಿತು ಅನ್ನುತ್ತಾರೆ ಅವರು.

ಹಾಗಾದರೆ ಇದರಿಂದ ಉಪಯೋಗವೇ ಇಲ್ವಾ? ಇದೆ. ಏಟ್ರೀ ಸಂಸ್ಥೆಯ ನೆರವಿನಿಂದ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಟೀಪಾಯಿ ಮಾಡುವುದನ್ನು ಕಲಿತರು. ಕಡ್ಡಿಯನ್ನು ನೀರಲ್ಲಿ ಬೇಯಿಸಿ, ತೊಗಟೆ ಸುಲಿದರೆ ಬೆತ್ತದ ಹಾಗೆ ಬಾಗುತ್ತದೆ. ಕಚ್ಚಾ ಮಾಲಿಗೆ ಕಾಸಿಲ್ಲ, ಬೆತ್ತಕ್ಕಾಗಿ ಕಾಡನ್ನು ಬರಿದು ಮಾಡಬೇಕಾಗಿಯೂ ಇಲ್ಲ.

ಹಾಗಂತ ಕುರ್ಚಿ ಕೊಂಡರೆ ಕಾಡು ಉಳಿಯುತ್ತೆ ಅಂದುಕೊಳ್ಳಬೇಡಿ. ಬರೀ ಕಡ್ಡಿ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಣ್ಣಿನೊಳಗೆ ಬೇರಿನ ಕತ್ತಿನಲ್ಲೇ ಕಡಿದು, ಬುಡಮೇಲು ಮಾಡಿ ಒಣಗಿಸಬೇಕು. ಆಮೇಲೂ ಮೂರ್ನಾಲ್ಕು ಮಳೆಗಾಲ ಬಂದು ಎಳೆ ಸಸಿ ಕೀಳಬೇಕು. ಇದಕ್ಕೆ ಕಾಡು ಗೊತ್ತಿರುವ ಕೈಗಳು ಬೇಕು, ವರ್ಷವರ್ಷವೂ ಅವರಿಗೆ ಕೂಲಿ ಸಿಗಬೇಕು. ಕುರ್ಚಿಯ ದುಡ್ಡು ಅದಕ್ಕೊಂದು ಸಣ್ಣ ಆಸರೆ, ಅಷ್ಟೇ.

ನಮ್ಮ ಬಾಲ್ಕನಿಯ ಗಿಡಕ್ಕೂ ಪಿಕಳಾರ ಬರುತ್ತಿತ್ತು. ಎಷ್ಟು ಫೋಟೋ ಹಾಕಿದ್ದೀನೋ ಸ್ಟೇಟಸ್‌ಗೆ! ಅದು ಹಣ್ಣು ತಿಂದು ಎಲ್ಲಿಗೆ ಹಾರುತ್ತಿತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ವಾಪಸ್ ಬಂದ ಮಾರನೇ ದಿನವೇ ಗಿಡವನ್ನು ಬೇರು ಸಮೇತ ಕಿತ್ತೆ. ಆ ಕುಂಡದಲ್ಲೀಗ ದಾಸವಾಳವಿದೆ.