‘ಎಲಿಫೆಂಟ್ ಬಾಯ್’ : ಒಂದು ವನಸಾಹಸ ಚಿತ್ರದ ಗುಣದೋಷ ವಿವೇಚನೆ

ಕಾವ್ಯದಲ್ಲಿ ಗುಣವಾವುದು, ದೋಷವಾವುದು ಎಂಬುದನ್ನು ವಿಂಗಡಿಸಿ ನೋಡುವುದು ನಮ್ಮ ಆಲಂಕಾರಿಕರು ಹಾಕಿಕೊಟ್ಟ ಮಾರ್ಗ. ಚಲನಚಿತ್ರವೂ ದೃಶ್ಯಕಾವ್ಯದ ಒಂದು ಪ್ರಭೇದವಾದುದರಿಂದ ಈ ಒರೆಗಲ್ಲು ಅದಕ್ಕೂ ಸಲ್ಲುತ್ತದೆ. ಹಳೆಯ ಸಾಹಸಚಿತ್ರಗಳನ್ನು ಮಕ್ಕಳ ಮುಂದಿಡುವ ಉಪಾಧ್ಯಾಯರಿಗಂತೂ ಈ ವಿವೇಚನೆ ಅತ್ಯವಶ್ಯಕ. ಅದಕ್ಕೆ ಉದಾಹರಣೆಯಾಗಿ ನಮ್ಮ ಮೈಸೂರು ಸೀಮೆಯ ನಂಟುಳ್ಳ ‘ಎಲಿಫೆಂಟ್ ಬಾಯ್’ ಎಂಬ ಆಂಗ್ಲ ಚಿತ್ರವನ್ನು ಇಲ್ಲಿ ಪರಿಶೀಲಿಸಬಹುದು.

1937ರಲ್ಲಿ ತೆರೆಕಂಡ ಈ ಚಿತ್ರದ ನಿರ್ಮಾಪಕ ಅಲೆಗ್ಸಾಂಡರ್ ಕೊರ್ಡಾ. ನಿರ್ದೇಶಕರು ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೊರ್ಡಾ. ರಡ್‌ಯಾರ್ಡ್ ಕಿಪ್ಲಿಂಗನ 1894ರ ‘ಜಂಗಲ್ ಬುಕ್’ ಸಂಕಲನದ ಒಂದು ಕಥೆ ಇದಕ್ಕೆ ಆಧಾರ. ಮೂಲಕಥೆ ನಡೆಯುವುದು ಈಶಾನ್ಯದ ಗಾರೋ ಬೆಟ್ಟಗಳಲ್ಲಿ. ಚಿತ್ರದ ಹೊರಾಂಗಣ ಭಾಗಗಳನ್ನು ತೆಗೆದುದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿದ್ದ ಮೈಸೂರು ಸಂಸ್ಥಾನದಲ್ಲಿ.

ಕಥಾವಸ್ತು ಸರಳವಾದುದು. ತೂಮಾಯಿ ಎಂಬ ಮಾವುತನ ಮಗನಿಗೆ ದೊಡ್ಡ ಬೇಟೆಗಾರನಾಗುವ ಹಂಬಲ. ಕಾಲಾನಾಗ್ ಎಂಬ ಸಲಗ ಅವನ ಮನೆತನಕ್ಕೆ ತಲೆಮಾರುಗಳಿಂದ ಒಲಿದ ಆನೆ. ಪೀಟರ್ಸನ್ ಸಾಹೇಬನು ಕಾಡಾನೆಗಳನ್ನು ಹಿಡಿಯಲು ಹೊರಟಾಗ ತಂದೆಮಕ್ಕಳಿಬ್ಬರೂ ಜೊತೆಗೂಡುತ್ತಾರೆ. ಹುಲಿಯ ಬಾಯಿಗೆ ತಂದೆ ಬಲಿಯಾಗುತ್ತಾನೆ; ಶೋಕದಿಂದ ಆನೆ ಕೆರಳುತ್ತದೆ. ಕ್ರೂರಿಯಾದ ಹೊಸ ಮಾವುತನು ಅದರಿಂದ ಗಾಯಗೊಂಡಾಗ ಆನೆಯನ್ನು ಕೊಲ್ಲಬೇಕೆಂಬ ಮಾತು ಹುಟ್ಟುತ್ತದೆ. ಬಾಲಕನು ಅದನ್ನೇರಿ ಕಾಡು ಸೇರಿ, ಅಲ್ಲಿ ಆನೆಗಳ ನರ್ತನವನ್ನು ಕಾಣುತ್ತಾನೆ.

ಚಿತ್ರದ ಮೊದಲನೆಯ ಗುಣ ಸ್ವಭಾವೋಕ್ತಿ. ಫ್ಲಾಹರ್ಟಿ 1922ರಲ್ಲಿಯೇ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರದಲ್ಲಿ ಹಿಮಪ್ರದೇಶದ ಜನಜೀವನವನ್ನು ಬಿಂಬಿಸಿದವನು. ಇಲ್ಲಿಯೂ ಆನೆಯ ಮಜ್ಜನ, ಅದರೊಡನೆ ಬಾಲಕನ ಸಲಿಗೆ, ಕಾಡಿನ ಬೆಳಕುನೆರಳು ಇವೆಲ್ಲ ಕೃತಕತೆಯಿಲ್ಲದೆ ಮೂಡಿವೆ. ಹಿಂಡನ್ನು ಬೆದರಿಸಿ ಅಟ್ಟಿ, ಗಟ್ಟಿಯಾದ ಮರದ ದೊಡ್ಡಿಗೆ ಕೂಡಿ, ಪಳಗಿದ ಆನೆಗಳ ನೆರವಿನಿಂದ ಹಗ್ಗ ಬಿಗಿಯುವ ಖೆಡ್ಡಾ ಕ್ರಮವು ಕಾಕನಕೋಟೆಯಲ್ಲಿ 1971ರ ಅನಂತರ ನಡೆಯಲಿಲ್ಲ. ಆ ಸ್ಥಳದ ಬಹುಭಾಗವನ್ನು ಕಪಿಲಾ ಜಲಾಶಯದ ನೀರು ಆವರಿಸಿತು. ಆದುದರಿಂದ ಗಜಬಂಧನದ ದೃಶ್ಯಗಳಿಗೆ ಕಲೆಯ ಬೆಲೆಯ ಜೊತೆಗೆ ಚರಿತ್ರೆಯ ಬೆಲೆಯೂ ಇದೆ.

ಎರಡನೆಯ ಗುಣ ಸಾಬು. ಈತನು 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಅಭಿನಯವನ್ನು ಯಾವ ಗುರುವಿನಿಂದಲೂ ಕಲಿತವನಲ್ಲ. ಆದರೂ ಆನೆಯ ಕಿವಿಯ ಬಳಿ ಕುಳಿತು ಅದರೊಡನೆ ಮಾತನಾಡುವಾಗ ಅವನ ಮುಖದಲ್ಲಿ ತೋರುವ ಅನುಭಾವಗಳು ಸಹೃದಯರನ್ನು ಸೆಳೆಯುತ್ತವೆ. ತನ್ನ ಮನೆತನದ ಕಾಯಕವನ್ನು ಬಲ್ಲವನ ಸಹಜ ಗಾಂಭೀರ್ಯ ಅದು.

ಇನ್ನು ದೋಷಗಳು. ರಸಭಂಗಕ್ಕೆ ಅನೌಚಿತ್ಯವೇ ಮುಖ್ಯ ಕಾರಣವೆಂದು ಆನಂದವರ್ಧನನ ಅಭಿಪ್ರಾಯ. ಈ ಚಿತ್ರದಲ್ಲಿ ಅದು ಎದ್ದುಕಾಣುತ್ತದೆ. ಮೈಸೂರಿನಲ್ಲಿ ತೆಗೆದ ಭಾಗಗಳಿಗೆ ಇಂಗ್ಲೆಂಡಿನ ಡೆನ್‌ಹ್ಯಾಂ ಕಲಾಗಾರದಲ್ಲಿ ಜೋಲ್ಟಾನ್ ಕೊರ್ಡಾ ತೆಗೆದ ಭಾಗಗಳನ್ನು ಹೊಲಿಯಲಾಗಿದೆ, ಹೊಲಿಗೆ ಮರೆಯಾಗಿಲ್ಲ. ತೂಮಾಯಿಯ ತಂದೆ, ಬೇಟೆಯ ಮುಖ್ಯಸ್ಥ ಮಚುವಾ ಅಪ್ಪ ಮೊದಲಾದವರು ಮುಖಕ್ಕೆ ಬಣ್ಣ ಬಳಿದುಕೊಂಡ ಆಂಗ್ಲ ನಟರು. ನಿಜವಾದ ಬಾಲಕನ ಪಕ್ಕದಲ್ಲಿ ಈ ವೇಷಗಳು ನಿಂತಾಗ ಕಟ್ಟಿದ ಭ್ರಾಂತಿ ಒಡೆಯುತ್ತದೆ.

ಇದಕ್ಕಿಂತ ಗಾಢವಾದ ದೋಷ ದೃಷ್ಟಿಯದು. ಕಾಡನ್ನು ಬಲ್ಲವರು ಮಾವುತರು, ಕಾವಾಡಿಗಳು. ಆದರೆ ನ್ಯಾಯ ಹೇಳುವವನು, ಮನ್ನಣೆ ಕೊಡುವವನು ಬಿಳಿಯ ಸಾಹೇಬ. ಆಳಿಸಿಕೊಳ್ಳುವುದೇ ಈ ನಾಡಿನ ಸಹಜಸ್ಥಿತಿ ಎಂಬ ಭಾವನೆ ಕಥೆಯ ತಳದಲ್ಲಿ ಹರಿಯುತ್ತಿದೆ. ಹಿಂಡಿನಿಂದ ಅಗಲಿಸಲ್ಪಟ್ಟ ಆನೆಯ ಸಂಕಟವನ್ನೂ ಚಿತ್ರ ವಿಚಾರಿಸುವುದಿಲ್ಲ. ಒಂದು ಆನೆಯ ಪ್ರಾಣ ಉಳಿಯಿತೆಂದು ಹರ್ಷಿಸುವ ಕಥೆಯೇ ಒಂದು ಹಿಂಡಿನ ಸೆರೆಯನ್ನು ವಿಜಯವೆಂದು ಕೊಂಡಾಡುತ್ತದೆ. ಸಕಲ ಜೀವರಾಶಿಗೂ ದಯೆಯನ್ನು ವಿಸ್ತರಿಸಿದ ಶರಣರ ನಾಡಿನವರಾದ ನಮಗೆ ಈ ವಿರೋಧ ಕಾಣದಿರಲಾಗದು.

1937ರಲ್ಲಿ ವೆನಿಸ್ ಚಿತ್ರೋತ್ಸವವು ಉತ್ತಮ ನಿರ್ದೇಶನದ ಪ್ರಶಸ್ತಿಯನ್ನು ಇದಕ್ಕೆ ನೀಡಿತು. ಸಾಬು ಮುಂದೆ ‘ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942) ಚಿತ್ರಗಳಲ್ಲಿ ನಟಿಸಿ, ಅಮೆರಿಕದ ಪೌರನಾಗಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನದಳದ ಸೇವೆ ಸಲ್ಲಿಸಿದನು. ಆದರೆ ಆತನಿಗೆ ಒದಗಿದ ಪಾತ್ರಗಳು ಹೆಚ್ಚಾಗಿ ಕಾಡಿನ ಹುಡುಗನ ಅಚ್ಚಿನಲ್ಲಿಯೇ ಎರಕಗೊಂಡವು. 1963ರಲ್ಲಿ, 39ನೆಯ ವಯಸ್ಸಿನಲ್ಲಿ, ಅಮೆರಿಕದಲ್ಲಿಯೇ ತೀರಿಕೊಂಡನು. ಮೊದಲ ಚಿತ್ರದ ದೃಷ್ಟಿದೋಷವು ಆ ಕಲಾವಿದನ ಬಾಳಿನ ದಾರಿಯನ್ನೂ ಕಿರಿದುಗೊಳಿಸಿತೆಂದರೆ ಅತ್ಯುಕ್ತಿಯಾಗದು.

ಹಾಗಾದರೆ ಇಂತಹ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದೇ? ಅವಶ್ಯವಾಗಿ ತೋರಿಸಬಹುದು, ಆದರೆ ತೋರಿಸಿ ಸುಮ್ಮನಾಗಬಾರದು. ಇಲ್ಲಿ ಆನೆಯನ್ನು ನಿಜವಾಗಿ ಬಲ್ಲವರಾರು, ಹೊಗಳಿಕೆ ಯಾರಿಗೆ ಸಂದಿತು, ಸೆರೆಯಾದ ಆನೆಗಳ ಪಾಡೇನಾಯಿತು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳ ಮುಂದಿಡಬೇಕು. ಸಾಬುವಿನ ಸೊಗಸನ್ನು ಸವಿಯುತ್ತಲೇ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮಗು ಯಾವ ಕಾವ್ಯವನ್ನಾದರೂ ವಿವೇಕದಿಂದ ಓದಬಲ್ಲದು. ಆ ವಿವೇಕವನ್ನು ಬೆಳೆಸುವುದು ಉಪಾಧ್ಯಾಯ ಬಂಧುಗಳ ಕರ್ತವ್ಯ.