ಗೋಡೆಗೇ ಲೆಕ್ಕ ಗೊತ್ತಿದ್ದರೆ...

ಮನೆ ಕಟ್ಟಿಸುವವರ ಕೈಯಲ್ಲಿ ಎರಡು ಕಾಗದಗಳಿರುತ್ತವೆ. ಒಂದು ಪ್ಲಾನು, ಇನ್ನೊಂದು ಎಸ್ಟಿಮೇಟು. ಎರಡನ್ನೂ ಒಬ್ಬರೇ ಎಂಜಿನಿಯರ್ ಮಾಡಿಕೊಟ್ಟಿದ್ದರೂ ಅವು ಒಂದರೊಡನೊಂದು ಮಾತು ಬಿಟ್ಟಿರುವುದೇ ಹೆಚ್ಚು! ಪಾಯ ಮುಗಿದ ಮೇಲೆ ಮನೆಯೊಡತಿ 'ಹಾಲಿನ ಕಿಟಕಿ ಇನ್ನೊಂದಡಿ ಅಗಲವಿರಲಿ' ಎಂದರೆ ಪ್ಲಾನು ತಿದ್ದಲಾಗುತ್ತದೆ; ಎಸ್ಟಿಮೇಟಿನಲ್ಲಿ ಹಳೆಯ ಕಿಟಕಿಯೇ ಉಳಿಯುತ್ತದೆ. ಮೇಸ್ತ್ರಿ ಲಿಂಟಲ್‌ಗೆ ಕಂಬಿ ಕತ್ತರಿಸುವುದು ಕೈಗೆ ಸಿಕ್ಕ ಕಾಗದ ನೋಡಿ.

ಈ ತಗಾದೆ ಬಿಡಿಸುವ ವಿದ್ಯೆಯೇ ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್. ಬಲ್ಲವರ ಬಾಯಲ್ಲಿ ಬರೀ 'ಬಿಮ್'. ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಇದರ ಮೂಲ ಕಲ್ಪನೆಯನ್ನು 1975ರಲ್ಲೇ ಮಂಡಿಸಿದ್ದರು. ಇಂದು ಹೆಚ್ಚು ಬಳಕೆಯಲ್ಲಿರುವ 'ರೆವಿಟ್' 2000ದಲ್ಲಿ ಹೊರಬಂತು. ಬ್ರಿಟನ್ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ 2016ರಲ್ಲಿ ಬಿಮ್ ಕಡ್ಡಾಯ ಮಾಡಿತು. ನಮ್ಮಲ್ಲಿ ನಾಗಪುರ ಮೆಟ್ರೊ ಇದನ್ನು ಬಳಸಿತು. ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಕಚೇರಿಗಳಿಗೆ ಕೆಲಸ ಕೇಳಿ ಹೋಗುವವರಿಗೆ ಆಟೋಕ್ಯಾಡ್ ಒಂದೇ ಸಾಲದಾಗಿರುವುದು ಇದರಿಂದಲೇ.

ವ್ಯತ್ಯಾಸವೇನು? ಸಾಮಾನ್ಯ ಕ್ಯಾಡ್ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆ. ಬಿಮ್‌ನಲ್ಲಿ ಗೋಡೆ ತಾನು ಗೋಡೆಯೆಂದು ಬಲ್ಲದು. ತನ್ನ ಎತ್ತರ, ದಪ್ಪ, ಇಟ್ಟಿಗೆ, ಗಾರೆ ಎಲ್ಲವನ್ನೂ ಹೊತ್ತಿರುತ್ತದೆ. ಕೊಳ್ಳೇಗಾಲದ ರೇಷ್ಮೆ ನೇಕಾರರಿಗೆ ಇದು ಬೇಗ ಅರ್ಥವಾದೀತು. ಜಕಾರ್ಡ್ ಮಗ್ಗದ ರಟ್ಟಿನಲ್ಲಿರುವುದು ಹೂವಿನ ಚಿತ್ರವಲ್ಲ, ಯಾವ ಎಳೆ ಏಳಬೇಕೆಂಬ ಸೂಚನೆ.

ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪದ ಗೋಡೆ ಇದೆಯೆನ್ನಿ. ಅದು 1.8 ಘನ ಮೀಟರ್. ಗಾರೆಯೂ ಸೇರಿ 20x10x10 ಸೆಂ.ಮೀ. ಜಾಗ ತುಂಬುವ ಇಟ್ಟಿಗೆಯಾದರೆ ಘನ ಮೀಟರಿಗೆ 500ರಂತೆ 900 ಬೇಕು. 1.2 ಮೀಟರ್ ಚೌಕದ ಕಿಟಕಿಯಿಟ್ಟರೆ 756. ಕಿಟಕಿಯ ಅಗಲ ಒಂದೂವರೆ ಮೀಟರಿಗೆ ಎಳೆದರೆ 720. ಬಿಮ್‌ನಲ್ಲಿ ಎಳೆಯುವುದು ಒಮ್ಮೆ ಮಾತ್ರ. ಪ್ಲಾನು, ಮುಂಭಾಗದ ಚಿತ್ರ, ಲೆಕ್ಕದ ಪಟ್ಟಿ ಮೂರೂ ಒಟ್ಟಿಗೆ ಬದಲಾಗುತ್ತವೆ. ಆದರೆ ಊರಿನ ಗೂಡಿನ ಇಟ್ಟಿಗೆ ಬೇರೆ ಅಳತೆಯದಾದರೆ? ಅದನ್ನು ಮೊದಲೇ ತುಂಬಿಕೊಡಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಹೇಳುವುದು ಅಚ್ಚುಕಟ್ಟಾದ ಸುಳ್ಳು!

ಕಲಿಯುವವರು ಮೊದಲ ದಿನವೇ ಬಹುಮಹಡಿಗೆ ಕೈ ಹಾಕಬಾರದು. ಟೇಪು ಹಿಡಿದು ತಮ್ಮದೇ ಮನೆ ಅಳೆಯಲಿ. ಮಹಡಿಗಳ ಮಟ್ಟ, ಕಂಬಗಳ ಸಾಲು, ಆಮೇಲೆ ಗೋಡೆ, ಬಾಗಿಲು, ಚಾವಣಿ, ಇದೇ ಕ್ರಮ. ಮಲೆ ಮಹದೇಶ್ವರ ಬೆಟ್ಟದ ಹಾದಿಯ ಹನೂರು ಕಡೆಯ ಇಳಿಜಾರಿನ ನಿವೇಶನವಾದರೆ ನೆಲವನ್ನೇ ಮೊದಲು ಮೂಡಿಸಬೇಕು, ಪಾಯದ ಮೆಟ್ಟಿಲು ಅದರಿಂದಲೇ ತಿಳಿಯುವುದು. ಯಳಂದೂರಿನ ಬಳೆಮಂಟಪವನ್ನು ಮಾತ್ರ ಸದ್ಯಕ್ಕೆ ದೂರದಿಂದಲೇ ನೋಡುವುದು ಕ್ಷೇಮ. ಆ ಕಲ್ಲಿನ ಬಳೆಗಳು ಯಾವ ತಂತ್ರಾಂಶದ ಸಿದ್ಧ ಪಟ್ಟಿಯಲ್ಲೂ ಇಲ್ಲ. ಅಂಥದ್ದಕ್ಕೆ ಲೇಸರ್ ಸ್ಕ್ಯಾನರ್ ಬೇಕು.

ಖರ್ಚಿನ ಮಾತು. ರೆವಿಟ್‌ಗೆ ವರ್ಷವರ್ಷವೂ ಹಣ ಕಟ್ಟಬೇಕು, ವಿದ್ಯಾರ್ಥಿಗಳಿಗೆ ಉಚಿತ. ಫ್ರೀಕ್ಯಾಡ್ ಎಲ್ಲರಿಗೂ ಉಚಿತ. ಯಾವುದರಲ್ಲಿ ಮಾಡಿದರೂ 'ಐಎಫ್‌ಸಿ' ಎಂಬ ಮುಕ್ತ ರೂಪದಲ್ಲೂ ಉಳಿಸುವ ಅಭ್ಯಾಸ ಒಳ್ಳೆಯದು. ಇನ್ನೊಂದು ತಂತ್ರಾಂಶದವರೂ ತೆರೆಯಬಹುದು.

ಎರಡು ಕೋಣೆಯ ಮನೆಗೆ ಇಷ್ಟೆಲ್ಲ ಬೇಕೇ ಎಂದು ಕೇಳಬಹುದು. ಲೆಕ್ಕಕ್ಕಷ್ಟೇ ಆದರೆ ಬೇಡ. ಶೌಚಾಲಯದ ಪೈಪಿಗೆ ದಾರಿಯಿಲ್ಲದೆ, ಹಾಕಿ ಮುಗಿದ ತೊಲೆಗೆ ಉಳಿ ಹಿಡಿದು ಹೊಡೆದು ಕಂಬಿ ಕತ್ತರಿಸುವುದನ್ನು ಕಂಡವರು ಮಾತ್ರ ಹಾಗೆ ಕೇಳಲಾರರು. ತೊಲೆಯೂ ಪೈಪೂ ಡಿಕ್ಕಿ ಹೊಡೆಯುವ ಜಾಗ ಬಿಮ್‌ನಲ್ಲಿ ಮೊದಲೇ ಕಾಣುತ್ತದೆ. ಎಂಜಿನಿಯರ್ ಪೈಪಿನ ದಾರಿಯನ್ನು ಬದಲಿಸಬಹುದು, ಅಥವಾ ತೊಲೆಯ ಯಾವ ಜಾಗದಲ್ಲಿ ತೂರಿಸಿದರೆ ಅಪಾಯವಿಲ್ಲವೆಂದು ಲೆಕ್ಕ ಹಾಕಿ ಹೇಳಬಹುದು. ಮೇಸ್ತ್ರಿಗೆ ಅದನ್ನು ಮೊಬೈಲಿನಲ್ಲಿ ತಿರುಗಿಸಿ ತೋರಿಸಿದರೆ ಸಾಕು, ಸೆಂಟ್ರಿಂಗ್ ಹೊಡೆಯುವಾಗಲೇ ಅಲ್ಲೊಂದು ಪೈಪಿನ ತುಂಡು ಇಟ್ಟು ಕಾಂಕ್ರೀಟು ಹಾಕಿಸುತ್ತಾನೆ.